ನೆಟಿಗೆ ಮುರಿಯದ ಸಿನಿಮಾ

ಹನಮೇಶ ಬೈಕಿಗೆ ಸ್ಟ್ಯಾಂಡ್ ಹಾಕುತ್ತಿದ್ದಂತೆ ಹಲಗೆಯವರು ಬಡಿತ ನಿಲ್ಲಿಸಿದರು. ಬೇವಿನ ಗಿಡದ ನೆರಳಲ್ಲಿ ಕೂತವರು, ಅಂಗಳದಲ್ಲಿ ನಿಂತವರು, ನೀರಿನ ಕೊಡ ಹೊತ್ತು ಹೊರಟವರು ಎಲ್ಲರೂ ಅವನತ್ತ ತಿರುಗಿದರು.

"ಬಂದಾನ ನೋಡವಾ," ಅಂದಳು ಒಬ್ಬಳು.

"ಬರಂಗಿಲ್ಲ ಅಂತಿದ್ರಿ."

"ಬಂದ್ರ ಏನಾತು? ಎದಕ್ಕ ಬಂದಾನೋ ಯಾರಿಗ್ಗೊತ್ತು."

ಹನಮೇಶನಿಗೆ ಗೊತ್ತಿತ್ತು. ಒಳಗೆ ಸತ್ತು ಕೂತಿದ್ದವಳು ಅವನ ಸೋದರತ್ತೆ ಹೊಳಿಯಮ್ಮ. ಗಂಡ ಎಂದೋ ತೀರಿಕೊಂಡಿದ್ದ. ಇದ್ದೊಬ್ಬ ಮಗಳು ಗಂಗಾ ಕಾಲುವೆಯ ಪಾಲಾಗಿದ್ದಳು. ತವರಿನ ಕಡೆಯಿಂದ ಉಳಿದವನು ಹನಮೇಶ ಒಬ್ಬನೇ, ಹಾಗಾಗಿ ಕುಣಿಗೆ ಮೊದಲ ಮಣ್ಣು ಅವನೇ ಕೊಡಬೇಕು. ಮದುವೆ ತಪ್ಪಿಸಿದರೂ ಮಣ್ಣು ತಪ್ಪಿಸಬಾರದು ಎನ್ನುತ್ತಾರೆ. ಅವನು ಮಣ್ಣಿಗೆ ಬರುವುದನ್ನು ತಪ್ಪಿಸಿರಲಿಲ್ಲ, ಕೊಡಬಾರದೆಂದೇ ಬಂದಿದ್ದ. ಕುಣಿಯ ದಂಡೆಯಲ್ಲಿ ಕೈಕಟ್ಟಿ ನಿಲ್ಲಬೇಕು. ಹಿರಿಯರು ಕರೆದಾಗ ಊರೆಲ್ಲ ಕೇಳುವಂತೆ ಒಲ್ಲೆ ಎನ್ನಬೇಕು. ಮುದುಕಿ ತವರಿನ ಮಣ್ಣಿಲ್ಲದೆ ಹೋಗಬೇಕು. ಕೊಪ್ಪಳದ ತನ್ನ ಮದುವೆ ವೀಡಿಯೊ ಅಂಗಡಿಯಲ್ಲಿ ಕೂತು, ಪರರ ಮಕ್ಕಳು ಅಕ್ಕಿಕಾಳು ಹಾಕಿಸಿಕೊಳ್ಳುವುದನ್ನು ಕತ್ತರಿಸಿ ಜೋಡಿಸುತ್ತಾ, ಇಷ್ಟು ವರ್ಷ ಅವನು ಈ ದೃಶ್ಯವನ್ನೇ ತಲೆಯಲ್ಲಿ ತೆಗೆದು ಇಟ್ಟುಕೊಂಡಿದ್ದ. ಸಿನಿಮಾ ತೆಗೆದವನಲ್ಲವೇ, ಹಗೆಯನ್ನೂ ಶಾಟ್ ಶಾಟಾಗಿ ನೋಡುವ ಚಟ ಅವನಿಗೆ.

ಹೊಳಿಯಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಗಲ್ಲಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದಿದ್ದರು. ಥಿಯೇಟರಿನ ಬಾಕಿನ ಮೇಲೆ ಕೂತು ದೀಪ ಆರುವುದನ್ನು ಕಾಯುತ್ತಿದ್ದಾಗಲೂ ಅವಳು ಹೀಗೇ ನೆಟ್ಟಗೆ ಕೂತಿರುತ್ತಿದ್ದಳು. ಹನಮೇಶ ಅವಳ ಮುಖ ನೋಡಿದ. ಸಿಟ್ಟು ಇದ್ದಷ್ಟೇ ಇತ್ತು.

ಅವಳ ಜೊತೆ ಜೀವಮಾನವಿಡೀ ನಾಟಿ ಹಚ್ಚಿದ ಹಂಪವ್ವ ಅವನ ತೋಳು ಹಿಡಿದು ಹಿತ್ತಲಿಗೆ ಎಳೆದಳು.

"ಏನಂತ ಬಂದೀಯಪಾ?"

"ಮಣ್ಣಿಗೆ."

"ಕೊಡ್ತೀಯೋ ಇಲ್ಲೋ?"

ಹನಮೇಶ ಅಂಗಳದತ್ತ ಮುಖ ತಿರುಗಿಸಿದ.

"ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ ಬಿಡು. ಒಂದು ಮಾತು ಕೇಳ್. ನೀ ಒಲ್ಲೆ ಅಂದ್ರ ವಿರುಪಾಕ್ಷಿ ಕೊಡ್ತಾನ. ಗಂಗಾನ ಗಂಡ, ಅಳಿಯ ಅಲ್ಲೇನು? ಮುಂಜಾನಿಂದ ಅಂವನ ಎಲ್ಲಾ ಮಾಡಾಕತ್ತ್ಯಾನ. ಕುಣಿ ತೋಡ್ಸಿದ್ದು ಅಂವನ, ಹಲಗಿ ಕರಸಿದ್ದು ಅಂವನ. ಪಂಚಾಯ್ತಿ ಇಲೆಕ್ಷನ್ನಿಗೆ ನಿಲ್ಲಾಂವ ಅದಾನ. ಆಕಿ ಕುಣಿಗೆ ಅವನ ಕೈಯಿಂದ ಮಣ್ಣು ಬಿತ್ತಂದ್ರ ಮುಗೀತು ನೋಡು. ನಾಳಿಂದ ಗಂಗಾನ ಹೆಸರು ಎತ್ತಿದ್ರ, 'ಅವರವ್ವನ ಮಣ್ಣು ಅವನ ಕಡಿಂದ ತಗೊಂಡಾಳ, ನಿಂದೇನಲೇ' ಅಂತಾರ."

"ಅದಕ್ಕ ನಾ ಏನ್ ಮಾಡ್ಲಿ? ಆಕಿ ನನಗೇನ್ ಮಾಡ್ಯಾಳ ಗೊತ್ತಿಲ್ಲೇನು ನಿನಗ?"

"ಗೊತ್ತೈತಿ. ನಾನೂ ಆಕಿ ಕೂಡ ಕುಷ್ಟಗಿಗೆ ಹೋಗಿದ್ನೆಲ್ಲ," ಅಂದಳು ಹಂಪವ್ವ, ಒಂದಿಷ್ಟೂ ನಾಚಿಕೆಯಿಲ್ಲದೆ.

* * *

ಹೊಳಿಯಮ್ಮನಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಗಂಗಾವತಿಗೆ ದೆವ್ವ ಬಂತೆಂದು ಗೊತ್ತಾದರೆ ನಾಟಿಯ ಗುಂಪು ಬೇಗ ಬೇಗ ಗದ್ದೆ ಮುಗಿಸಿ, ಕೆಸರು ತೊಳೆದು, ಟಂಟಂ ಹತ್ತುತ್ತಿತ್ತು. ಅವಳ ಒಂದು ಬದಿಗೆ ಮಗಳು ಗಂಗಾ, ಇನ್ನೊಂದು ಬದಿಗೆ ತಮ್ಮನ ಮಗ ಹನಮೇಶ. ಗಂಗಾ ಬೆರಳ ಸಂದಿಯಲ್ಲಿ ನೋಡುತ್ತಿದ್ದಳು. ಹನಮೇಶ ಪರದೆಗಿಂತ ಹೆಚ್ಚು ಹೆಂಗಸರನ್ನೇ ನೋಡುತ್ತಿದ್ದ, ಯಾವಾಗ ಸೆರಗು ಬಾಯಿಗೆ ಹೋಗುತ್ತದೆ, ಯಾವಾಗ ಶೇಂಗಾ ತಿನ್ನುವುದು ನಿಲ್ಲುತ್ತದೆ ಎಂದು.

ಹೊಳಿಯಮ್ಮ ಜಾಣ ವಿಮರ್ಶಕಿಯೇನಲ್ಲ. ದೆವ್ವವನ್ನು ಮೇಲೆ ಎತ್ತಿದ ತಂತಿ ಪರದೆಯ ಮೇಲೆ ಢಾಳಾಗಿ ಕಂಡರೂ ಅವಳದು ತಕರಾರಿರಲಿಲ್ಲ. ಹಾಡಿಗೆ ತಕರಾರಿಲ್ಲ, ನಡುವೆ ಬರುವ ಕೆಟ್ಟ ಹಾಸ್ಯಕ್ಕೂ ಇಲ್ಲ. ಆದರೆ ಒಮ್ಮೆ ಭಾರಿ ಖರ್ಚಿನ ಸಿನಿಮಾವೊಂದು ಕೊನೆಯಲ್ಲಿ ದೆವ್ವವೇ ಇರಲಿಲ್ಲ, ಎಲ್ಲಾ ನಾಯಕಿಯ ತಲೆಯ ಕಾಯಿಲೆ ಎಂದು ಹೇಳಿ ಕೈತೊಳೆದುಕೊಂಡಾಗ, ಅವಳು ಗೇಟಿನವನ ಕೊರಳಪಟ್ಟಿ ಹಿಡಿದಿದ್ದಳು.

"ದೆವ್ವ ಬರತೈತಿ ಅಂತ ಹೇಳಿ ಒಳಗ ಬಿಟ್ಟಿ. ಎಲ್ಲೈತಿ ತೋರ್ಸು!"

ಆ ಗೇಟಿನವನೇ ಜಿಲಾನಸಾಬ. ಅವನಿಗೆ ಅಂದೇ ಒಂದು ವಿದ್ಯೆ ಹತ್ತಿತು. ಹೊಸ ಸಿನಿಮಾದ ಮೊದಲ ದಿನ ಕೊನೆಯ ದೃಶ್ಯದ ಹೊತ್ತಿಗೆ ಅವನು ಹೆಂಗಸರ ಸಾಲಿನ ಬಾಗಿಲಿಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದ. ಅನ್ಯಾಯವಾಗಿ ಸತ್ತವಳು ದೆವ್ವವಾಗಿ ಬಂದು ಕೊಂದವನನ್ನು ಹಿಡಿದಾಗ, ಅವನು ಬಾಯಿ ಬಾಯಿ ಬಡಿದುಕೊಂಡಾಗ, ಹೆಂಗಸರು ತಮಗರಿವಿಲ್ಲದೆ ಎರಡೂ ಕೈಯ ನೆಟಿಗೆ ಮುರಿಯುತ್ತಿದ್ದರು. 'ನಿನ್ನ ಬಾಯಾಗ ಮಣ್ಣು ಬೀಳಲಿ' ಎಂದು ಬೀದಿ ಜಗಳದಲ್ಲಿ ಮುರಿಯುತ್ತಾರಲ್ಲ, ಹಾಗೆ. ಕತ್ತಲಲ್ಲಿ ಆ ಸದ್ದು ಎದ್ದರೆ ಸಿನಿಮಾ ಓಡಿತು ಎಂದೇ ಲೆಕ್ಕ. ಏಳದಿದ್ದರೆ ಜಿಲಾನಸಾಬ ಮರುದಿನಕ್ಕೆ ಬೇರೆ ಪೋಸ್ಟರ್ ಹುಡುಕುತ್ತಿದ್ದ.

"ಕೇಡಿ ಗೆದ್ದೆ ಅಂತ ನಗಬೇಕು," ಅನ್ನುತ್ತಿದ್ದಳು ಹೊಳಿಯಮ್ಮ, ಟಂಟಂನಲ್ಲಿ ವಾಪಸು ಬರುವಾಗ. "ಅಲ್ಲೀ ತನಕ ಬಿಡಬೇಕು ಅವನ್ನ. ಆಮ್ಯಾಲ ಹಿಡೀಬೇಕು. ಹಿಡಿದು ಕೊಲ್ಲೋದ್ಯಾಕ? ಸತ್ತರ ಒಂದ ಸಲಕ್ಕ ಪಾರಾದ. ಅಂಜಿಸಬೇಕು."

* * *

ವಿರುಪಾಕ್ಷಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ಇಬ್ಬರು ಹಿಡಿದು ತರುವಷ್ಟು ದಪ್ಪದ ಹಾರ. ಹಾರವನ್ನು ತಾನೇ ಹೊಳಿಯಮ್ಮನ ಕೊರಳಿಗೆ ಹಾಕಿ, ಕಾಲಿಗೆ ಹಣೆ ಮುಟ್ಟಿಸಿ, ಎದ್ದು ಕಣ್ಣೊರೆಸಿಕೊಂಡ. ಜೀವ ಇದ್ದಿದ್ದರೆ ಮುದುಕಿ ಆ ಕಾಲಿನಿಂದಲೇ ಒದೆಯುತ್ತಿದ್ದಳು.

"ಹನಮೇಶಾ, ಯಾವಾಗ ಬಂದಿ?" ಎಂದು ಬಂದು ಹೆಗಲ ಮೇಲೆ ಕೈ ಹಾಕಿದ. "ಪಾಪ, ನಿನಗ ಭಾಳ ಕಾಡಿದ್ಲು ಅತ್ತಿ. ನೀ ಮನಸಿಗೆ ಹಚ್ಕೋಬ್ಯಾಡ. ಮಣ್ಣಿನ ಕೆಲಸ ನಿನಗ ಆಗಂಗಿಲ್ಲಂದ್ರ ನಾ ಅದೀನಿ. ನನಗೂ ಅವ್ವ ಇದ್ದಂಗ ಆಕಿ."

ಹನಮೇಶನಿಗೆ ಹೆಗಲ ಮೇಲಿನ ಆ ಕೈ ಹಳೆಯ ಪರಿಚಯದ್ದು. ಸಿನಿಮಾ ತೆಗೆಯುವಾಗಲೂ ಅದು ಹೀಗೇ ಬಂದು ಕೂತಿತ್ತು.

* * *

ಗಂಗಾ ಹನಮೇಶನಿಗೆ ಹಕ್ಕಿನ ಹೆಣ್ಣು. ಹೊಳಿಯಮ್ಮ ಬಾಯಿಬಿಟ್ಟು ಕೇಳಿದ್ದಳು. ನಾನು ಸಿನಿಮಾ ಕಲಿಯಬೇಕು, ಮದುವೆ ಈಗಲೇ ಬೇಡ ಎಂದು ಅವನು ಬೆಂಗಳೂರಿಗೆ ಹೋದ. ಗಂಗಾಳನ್ನು ಅದೇ ಊರಿನ ವಿರುಪಾಕ್ಷಿಗೆ ಕೊಟ್ಟರು. ಮದುವೆಯಾದ ಮೂರನೇ ವರ್ಷ, ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ, ಅವಳ ಹೆಣ ತೂಬಿನ ಹತ್ತಿರ ಸಿಕ್ಕಿತು. ಕಾಲು ಜಾರಿತು ಎಂದ ವಿರುಪಾಕ್ಷಿ. ಅದೇ ಕಾಲುವೆಯಲ್ಲಿ ಈಜಿ ಬೆಳೆದ ಹುಡುಗಿಗೆ ಕಾಲು ಜಾರಿದ್ದು ಹೇಗೆ ಎಂದು ಊರು ಕೇಳಲಿಲ್ಲ. ಹಿಂದಿನ ರಾತ್ರಿ ಆ ಮನೆಯಿಂದ ಬಂದ ಕೂಗು ನೆರೆಯವರಿಗೆ ಕೇಳಿತ್ತು, ಆದರೆ ಪೊಲೀಸರು ಬಂದಾಗ ಎಲ್ಲರೂ ನಿದ್ದೆ ಮಾಡಿದ್ದೆವು ಎಂದರು. ಹೊಳಿಯಮ್ಮ ಠಾಣೆಗೂ ಕೋರ್ಟಿಗೂ ಅಲೆದು ಸುಸ್ತಾಗಿ ಮನೆಗೆ ಬಂದಳು.

ಹನಮೇಶ ಊರಿಗೆ ಮರಳಿ ಬಂದು ಸಿನಿಮಾ ತೆಗೆದ. ಕಾಲುವೆಯಲ್ಲಿ ಸತ್ತ ಸೊಸೆ, ನೀರು ಬಿಟ್ಟಾಗಲೆಲ್ಲ ಎದ್ದು ಬರುತ್ತಾಳೆ. ಯಾರ ಕತೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಶೂಟಿಂಗಿಗೆ ದೊಡ್ಡ ಮನೆ ಬೇಕಿತ್ತು, ಟ್ರ್ಯಾಕ್ಟರ್ ಬೇಕಿತ್ತು, ಅಷ್ಟು ಜನಕ್ಕೆ ಊಟ ಬೇಕಿತ್ತು. ಮೂರನ್ನೂ ವಿರುಪಾಕ್ಷಿ ಕೊಟ್ಟ. ಕೇಳಿದ್ದು ಒಂದೇ.

"ಕಡೀಕ ಆಕಿ ಗಂಡನ್ನ ಕ್ಷಮಾ ಮಾಡಿ ಹೋಗ್ಲಿ. ಹೆಣಮಕ್ಳು ಕಣ್ಣೀರು ಹಾಕ್ತಾರ ನೋಡು."

ಹನಮೇಶ ಎರಡು ದಿನ ಯೋಚಿಸಿದ. ಮೂರನೇ ದಿನ ಅದು ತನ್ನದೇ ಯೋಚನೆಯಂತೆ ಕಾಣತೊಡಗಿತು. ಎಲ್ಲಾ ದೆವ್ವಗಳೂ ಸೇಡು ತೀರಿಸಿಕೊಳ್ಳುತ್ತವೆ, ತನ್ನದು ಬೇರೆ ಆಗಲಿ, ದೊಡ್ಡ ಮನಸ್ಸಿನ ದೆವ್ವ ಆಗಲಿ. ಉಂಡ ಮನೆಯ ಅನ್ನ ಹೀಗೆಲ್ಲ ಮಾತಾಡಿಸುತ್ತದೆ.

ಗಂಗಾವತಿಯಲ್ಲಿ ಮೊದಲ ಆಟಕ್ಕೆ ಊರಿಗೆ ಊರೇ ಬಂದಿತ್ತು. ಹನಮೇಶ ಹಳೆಯ ಚಟದಂತೆ ಹೆಂಗಸರನ್ನೇ ನೋಡುತ್ತಾ ಕೂತಿದ್ದ. ಸೆರಗು ಬಾಯಿಗೆ ಹೋಯಿತು. ಶೇಂಗಾ ನಿಂತಿತು. ಹಂಪವ್ವ ಚೀರಿದಳು. ಗೆದ್ದೆ ಅಂದುಕೊಂಡ. ಕೊನೆಗೆ ಗಂಡ ದೆವ್ವದ ಕಾಲಿಗೆ ಬಿದ್ದ. ದೆವ್ವ ಅವನ ತಲೆಯ ಮೇಲೆ ಕೈಯಿಟ್ಟು, ನಕ್ಕು, ಕಾಲುವೆಯ ನೀರಿನಲ್ಲಿ ಕರಗಿತು. ಹನಮೇಶ ನೆಟಿಗೆಗೆ ಕಾದ. ಒಂದು ಬೆರಳೂ ಸದ್ದು ಮಾಡಲಿಲ್ಲ. ಕಣ್ಣೀರೂ ಬರಲಿಲ್ಲ. ಪರದೆಯ ಮೇಲೆ ಇನ್ನೂ ಹೆಸರುಗಳು ಓಡುತ್ತಿದ್ದವು, ಹೆಂಗಸರು ಬಗ್ಗಿ ಬಾಕಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಅದು ತಾನಾಗಿಯೇ ಕುಂಟುತ್ತಾ ಸಾಯುತ್ತಿತ್ತೋ ಬದುಕುತ್ತಿತ್ತೋ. ಹೊಳಿಯಮ್ಮ ಬಿಡಲಿಲ್ಲ. ಹೊರಗೆ ಹೋಗಿ, ಮಧ್ಯಾಹ್ನದ ಆಟಕ್ಕೆ ನಿಂತಿದ್ದ ಪಾಳಿಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಕೇಳ್ರೆಪಾ! ಕಡೀಕ ದೆವ್ವ ಗಂಡನ ತಲಿ ಮ್ಯಾಲ ಕೈ ಇಟ್ಟು ಹರಸಿ ಹೋಗತೈತಿ. ಅದನ್ನ ನೋಡಾಕ ಬಂದಿದ್ರ ಒಳಗ ಹೋಗ್ರಿ!"

ಪಾಳಿ ಒಡೆಯಿತು. ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಕುಷ್ಟಗಿಯಲ್ಲಿ ಹಾಕಿದಾಗ ಬಸ್ಸು ಹತ್ತಿ ಕುಷ್ಟಗಿಗೆ ಹೋದಳು, ಯಲಬುರ್ಗಾದಲ್ಲಿ ಹಾಕಿದಾಗ ಯಲಬುರ್ಗಾಕ್ಕೆ. ಎಲ್ಲಾ ಕಡೆ ಗೇಟಿನ ಮುಂದೆ ನಿಂತು ಕತೆಯ ಕೊನೆ ಹೇಳಿದಳು. ಹನಮೇಶನಿಗೆ ಮತ್ತೆ ಯಾರೂ ಸಿನಿಮಾ ಕೊಡಲಿಲ್ಲ.

"ನನ್ನ ಹೊಟ್ಟಿ ಮ್ಯಾಲ ಯಾಕ ಕಾಲಿಟ್ಟಿ ಅತ್ತೀ?" ಎಂದು ಅವನು ಯಲಬುರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಅತ್ತುಬಿಟ್ಟಿದ್ದ. "ಕ್ಷಮಾ ಮಾಡೋದು ದೊಡ್ಡ ಗುಣ ಅಲ್ಲೇನು?"

"ಸತ್ತಾಕಿ ಪರವಾಗಿ ಕ್ಷಮಾ ಮಾಡಾಕ ನೀ ಯಾರಲೇ? ಹಡದಾಕಿ ನಾನ ಮಾಡಿಲ್ಲ."

ಅದೇ ಅವರ ಕೊನೆಯ ಮಾತು.

* * *

ಮೈ ತೊಳೆಸುವ ಹೊತ್ತಿಗೆ ಗಂಡಸರು ಹೊರಗೆ ಬಂದರು. ಬೇವಿನ ಕೆಳಗೆ ಜಿಲಾನಸಾಬ ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಡೈರೆಕ್ಟರ್ ಸಾಹೇಬ್ರ," ಎಂದು ಪಕ್ಕದಲ್ಲಿ ಜಾಗ ಮಾಡಿದ. "ಸಿಟ್ಟು ಹೋಗಿಲ್ಲೇನು ಇನ್ನಾ?"

"ಎಲ್ಲಿ ಹೋಗತೈತಿ?"

"ಖರೇ. ನಾನೂ ಬೈದೀನಿ ಆಕಿಗೆ. 'ಯವ್ವಾ, ನನ್ನ ರೊಟ್ಟಿಗೂ ಕಲ್ಲು ಹಾಕಬ್ಯಾಡ' ಅಂತ ಕೈ ಮುಗದೀನಿ. ಆದ್ರ ಒಂದು ಮಾತು ನಿಮಗ ಯಾರೂ ಹೇಳಿಲ್ಲ ಕಾಣತೈತಿ. ಆಕಿ ಬರೇ ಗೇಟಿನ್ಯಾಗ ನಿಲ್ತಿದ್ದಿಲ್ರಿ. ಟಿಕೆಟ್ ತಗೊಂಡು ಒಳಗ ಬರ್ತಿದ್ಲು. ದಿನಾ. ಹಾಕಿದಷ್ಟೂ ಆಟ."

"ಎದಕ್ಕ?"

"ನಾನೂ ಅದನ್ನ ಕೇಳಿದ್ನಿ. 'ಸಾಬಾ, ಆ ದೆವ್ವ ನಮ್ಮ ಗಂಗಾ ನಡದಂಗ ನಡೀತೈತಿ ನೋಡು' ಅಂದ್ಲು. ಕಾಲುವಿ ದಂಡಿ ಮ್ಯಾಲ ನಡಕೊಂತ ಬರತೈತಲ್ಲ, ಒಂದು ಕಾಲು ಸ್ವಲ್ಪ ಎಳದಂಗ ಮಾಡಿ, ಅದನ್ನ ನೋಡೋದು, ಅಳೋದು. ಗಂಡ ಕಾಲಿಗೆ ಬೀಳೋದು ಬಂತಂದ್ರ ಎದ್ದು ಹೊರಗ ಬರೋದು. ಬಂದು ಒದರೋದು. 'ಹನಮ್ಯಾ ಎಲ್ಲಾ ಛಲೋ ತಗದಾನ. ಕಡೀಕ ನನ್ನ ಮಗಳನ್ನ ಅವನ ಕಾಲಾಗ ಹಾಕಿಬಿಟ್ಟ' ಅಂತಿದ್ಲು."

ಹನಮೇಶ ನೆಲ ನೋಡಿದ. ಆ ನಡಿಗೆಯನ್ನು ನಟಿಗೆ ಅವನೇ ಕಲಿಸಿದ್ದ. ಎರಡು ದಿನ ಕಾಲುವೆಯ ದಂಡೆಯ ಮೇಲೆ ತಾನೇ ನಡೆದು ತೋರಿಸಿದ್ದ. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದ. ಅವನಿಗೆ ಮುದುಕಿಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಅಂಗಳದಲ್ಲಿ ವಿರುಪಾಕ್ಷಿ ಹಲಗೆಯವರಿಗೆ, "ಜೋರ್ ಬಡೀರಲೇ, ನಮ್ಮ ಅತ್ತಿ ಹೊಂಟಾಳ!" ಎಂದು ಕೂಗುತ್ತಿದ್ದ.

* * *

ಮಣ್ಣು ಮಾಡುವ ಜಾಗ ಕಾಲುವೆಯ ಮಗ್ಗುಲಿಗೆ. ನಾಟಿಯ ಗುಂಪಿನ ಹೆಂಗಸರೂ ಬಂದಿದ್ದರು. ಏರಿಯ ಕೆಳಗೆ ಚಪ್ಪಲಿ ಬಿಟ್ಟು, ಏರಿಯ ಮೇಲೆ ಸಾಲಾಗಿ ಕೂತರು. ಹೊಳಿಯಮ್ಮನನ್ನು ಕುಣಿಗೆ ಇಳಿಸಿದರು. ಎತ್ತಿ ಹಾಕಿದ ಕರಿಮಣ್ಣು ದಂಡೆಯಲ್ಲಿ ಗುಡ್ಡೆಯಾಗಿತ್ತು.

ಹಿರಿಯ ಓಬಳೆಪ್ಪ ಮುಂದೆ ಬಂದ. ಊರಿನ ಎಲ್ಲ ಮಣ್ಣೂ ಅವನ ಮಾತಿನಂತೆಯೇ ಆಗುವುದು.

"ಯಾರೂ ಅವಸರ ಮಾಡಬ್ಯಾಡ್ರಿ. ತವರ ಮನಿಯಾಂವ ಮೊದಲ. ಆಮ್ಯಾಲ ಉಳದೋರು. ಇನ್ನೊಂದು ಮಾತು, ಕೈಯಾಗ ಹಿಡದ ಮಣ್ಣು ಕುಣಿಗೇ ಬೀಳಬೇಕು. ಹೊರಗ ಚೆಲ್ಲಂಗಿಲ್ಲ, ಮನೀಗೆ ಒಯ್ಯಂಗಿಲ್ಲ. ಹೊರಗ ಬಿತ್ತಂದ್ರ ಹಿಡದಾಂವನ ಮನ್ಯಾಗ ಇನ್ನೊಂದು ಕುಣಿ ತೋಡಬೇಕಾಗತೈತಿ. ಹಿಂದಿನೋರು ಹೇಳಿದ ಮಾತದು. ಬಾರಪ್ಪಾ ಹನಮೇಶ."

ಹನಮೇಶ ಕೈಕಟ್ಟಿ ನಿಂತಿದ್ದ. ಕದಲಲಿಲ್ಲ.

"ಹನಮೇಶಾ, ನಿನ್ನ ಕರೆಯಾಕತ್ತೀನಿ."

ಹಂಪವ್ವ ಏರಿಯ ಮೇಲಿಂದ ಅವನನ್ನು ನೋಡಿದಳು. ಆ ನೋಟದಲ್ಲಿ ಬೈಗುಳವೇ ಇತ್ತು. ಹನಮೇಶ ಅವಳತ್ತ ನೋಡಲಿಲ್ಲ. ಅವನು ವಿರುಪಾಕ್ಷಿಯನ್ನು ನೋಡುತ್ತಿದ್ದ, ಬಿಳಿ ಅಂಗಿಯ ತೋಳು ಮೆಲ್ಲಗೆ ಮೇಲೇರುವುದನ್ನು.

"ಒಲ್ಲೆ ಅಂತಾನ ಕಾಣತೈತಿ," ಅಂದ ವಿರುಪಾಕ್ಷಿ, ಎಲ್ಲರಿಗೂ ಕೇಳುವಂತೆ ನಿಟ್ಟುಸಿರು ಬಿಟ್ಟು. "ಇರ್ಲಿ ಬಿಡ್ರಿ, ಸಣ್ಣಾಂವ, ಮನಸಿನ್ಯಾಗ ಹಗಿ ಇಟ್ಕೊಂಡಾನ. ನಾ ಎಲ್ಲಾ ಮರತೀನಿ. ಆಕಿ ನನ್ನ ಮ್ಯಾಲ ಏನೇನೋ ಅಂದ್ಲು, ಕೋರ್ಟಿಗೆ ಎಳದ್ಲು. ನಾ ಆಕೀನ ಕ್ಷಮಾ ಮಾಡೀನಿ."

ಬಗ್ಗಿ, ಬಲಗೈ ತುಂಬ ಮಣ್ಣು ಎತ್ತಿಕೊಂಡ. ಎದ್ದು ನಿಂತವನ ಮುಖದಲ್ಲಿ ಸಣ್ಣದೊಂದು ನಗು ಇತ್ತು. ಅಷ್ಟಕ್ಕಾಗಿಯೇ ಹನಮೇಶ ಕಾದಿದ್ದ. ಎರಡು ಹೆಜ್ಜೆಯಲ್ಲಿ ಬಂದು ಕುಣಿಗೂ ಅವನಿಗೂ ನಡುವೆ ನಿಂತ.

"ನಮ್ಮ ಮನೀಗೆ ನೀ ಕೊಟ್ಟ ಮಣ್ಣು ಒಂದೈತಿ. ಎರಡನೇದು ಬ್ಯಾಡ."

"ಏ, ಏನಲೇ? ಸರಿ ಆಕಡೆ. ಅಳಿಯ ಅದೀನಿ ನಾ."

"ಅಳಿಯನ ಆಗಿದ್ರ ಕೊಡು, ನಾ ತಡಿಯಂಗಿಲ್ಲ. ಕೊಡೂಕಿಂತ ಮೊದಲ ಗಂಗಾ ನೀರಾಗ ಹೆಂಗ ಹೋದ್ಲು ಅನ್ನೋದನ್ನ ಈ ಕುಣಿ ಮುಂದ ನಿಂತು ಹೇಳು. ಕೈಯಾಗ ಆಕಿ ಅವ್ವನ ಮಣ್ಣೈತಿ ನೋಡು, ಸುಳ್ಳು ಹೇಳಬ್ಯಾಡ."

"ಓಬಳೆಪ್ಪಾ, ಏನಿದು? ಹೇಳ್ರಿ ಇವಂಗ!"

ಓಬಳೆಪ್ಪ ಕುಣಿಯನ್ನು ನೋಡಿದ, ಕಾಲುವೆಯನ್ನು ನೋಡಿದ. ವಿರುಪಾಕ್ಷಿಯ ನೆರೆಮನೆಯವನು ಅವನು. ಆ ರಾತ್ರಿ ನಿದ್ದೆ ಮಾಡಿದ್ದೆ ಎಂದು ಪೊಲೀಸರಿಗೆ ಹೇಳಿದವರಲ್ಲಿ ಒಬ್ಬ.

"ಹೇಳಿಬಿಡು ವಿರುಪಾಕ್ಷಿ," ಅಂದ. "ಹೇಳಿ ಕೊಡು. ಅವತ್ತ ಕೂಗಿದ್ದು ನನಗೂ ಕೇಳೈತಿ."

ವಿರುಪಾಕ್ಷಿ ಬಾಯಿ ತೆರೆದ. ಕಾಲು ಜಾರಿತು ಎಂಬ ಮಾತು, ಎಷ್ಟೋ ಸಲ ಆಡಿ ಸವೆದ ಮಾತು, ಹೊರಗೆ ಬರಲಿಲ್ಲ. ಅವನು ತನ್ನ ಮುಷ್ಟಿಯನ್ನು ನೋಡಿಕೊಂಡ. ಕುಣಿಯತ್ತ ಹೆಜ್ಜೆ ಇಡಹೋದ, ಹನಮೇಶ ಕದಲಲಿಲ್ಲ. ಮಣ್ಣನ್ನು ಗುಡ್ಡೆಗೇ ಹಾಕಲು ಕೈ ಚಾಚಿದ, ಗುಂಪಿನಿಂದ ಯಾರೋ, "ಏ ಏ, ಹೊರಗ ಚೆಲ್ಲಬ್ಯಾಡ!" ಎಂದು ಕೂಗಿದರು. ಕೈ ಹಾಗೇ ಹಿಂದಕ್ಕೆ ಬಂತು.

ಆಗ ಏರಿಯ ಮೇಲೆ ಸದ್ದಾಯಿತು. ಮೊದಲು ಹಂಪವ್ವನದು. ಎರಡೂ ಕೈ ಮುಂದೆ ಚಾಚಿ, ಬೆರಳಿಗೆ ಬೆರಳು ಸೇರಿಸಿ, ಲಟಲಟನೆ ಮುರಿದಳು. ಅವಳ ಪಕ್ಕದವಳು ಮುರಿದಳು. ಸಾಲಿನುದ್ದಕ್ಕೂ ಒಣಗಿದ ತೊಗರಿ ಕಟ್ಟಿಗೆ ಮುರಿದಂತೆ ಸದ್ದು ಹರಿಯಿತು. ಗಂಡಸರ ನಡುವೆ ನಿಂತಿದ್ದ ಜಿಲಾನಸಾಬ ಹಳೆಯ ರೂಢಿಯಂತೆ ಕಣ್ಣುಮುಚ್ಚಿ ಕಿವಿಗೊಟ್ಟ.

ಹನಮೇಶ ತಿರುಗಿ, ಬಗ್ಗಿ, ಮೂರು ಹಿಡಿ ಮಣ್ಣು ಕೊಟ್ಟ. "ತಗೋ ಅತ್ತಿ," ಅಂದ. ಹಿಂದೆಯೇ ಜನ ಮುಗಿಬಿದ್ದು ಮಣ್ಣು ಕೊಟ್ಟರು, ಒಬ್ಬರ ಹೆಗಲಿಗೆ ಒಬ್ಬರು ಹೆಗಲು ಕೊಟ್ಟು, ಸಂದಿ ಬಿಡದಂತೆ. ನೋಡನೋಡುತ್ತ ಕುಣಿ ತುಂಬಿತು.

ವಿರುಪಾಕ್ಷಿ ಆ ಬೆನ್ನುಗಳ ಹಿಂದೆ ಅತ್ತಿತ್ತ ಓಡಾಡಿದ. ಆಮೇಲೆ ಏರಿ ಹತ್ತಿ ತನ್ನ ಬೈಕಿನ ಹತ್ತಿರ ಬಂದ. ಕೀಲಿ ಪ್ಯಾಂಟಿನ ಬಲಗಡೆಯ ಕಿಸೆಯಲ್ಲಿತ್ತು. ಬಲಗೈ ಬಿಗಿಯಾಗಿ ಮುಚ್ಚಿತ್ತು. ಎಡಗೈಯನ್ನು ಹೊಟ್ಟೆಯ ಮೇಲಿಂದ ಬಳಸಿ ತಂದು ಆ ಕಿಸೆಯೊಳಗೆ ಇಳಿಸಲು ನೋಡಿದ, ಆಗಲಿಲ್ಲ. ಬಾಗಿ ನೋಡಿದ, ತಿರುಗಿ ನೋಡಿದ. ಬೆರಳ ಸಂದಿಯಿಂದ ಒಂದಿಷ್ಟು ಕರಿಮಣ್ಣು ಬಿಳಿ ಪ್ಯಾಂಟಿನ ಮೇಲೆ ಉದುರಿದಾಗ ಹೌಹಾರಿ ಮುಷ್ಟಿಯನ್ನು ಎದೆಗೆ ಒತ್ತಿಕೊಂಡ.

ಏರಿಯ ಮೇಲಿನ ಹೆಂಗಸರು ಕದಲದೆ ಅವನನ್ನೇ ನೋಡುತ್ತಾ ಕೂತಿದ್ದರು. ಒಬ್ಬಳೂ ಚಪ್ಪಲಿ ಹುಡುಕಲಿಲ್ಲ.